ಮಂಡ್ಯ ಸೀಮೆ ಮತ್ತು ಸೈನಿಕನ ಕವಚದ ಪ್ರಶ್ನೆ

ಕಾಳಗಕ್ಕೆ ಇಳಿಯುವವನ ಮೈಗೆ ರಕ್ಷಣೆ ಬೇಡ ಎಂದು ವಾದಿಸಿದವರು ಇತಿಹಾಸದಲ್ಲಿ ವಿರಳ. ಕವಚದ ಸುತ್ತ ನಡೆದ ವಾದವೆಲ್ಲ ಅದರ ಭಾರವನ್ನು ಮೈ ತಾಳೀತೇ, ಖರ್ಚನ್ನು ಬೊಕ್ಕಸ ತಾಳೀತೇ, ಕೊನೆಗೆ ಅದು ಯಾರ ಪಾಲಿಗೆ ಬರುತ್ತದೆ ಎಂಬುದರ ಮೇಲೆಯೇ. ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ಈ ವಾದದ ಹಲವು ಹಂತಗಳಿಗೆ ಸಾಕ್ಷ್ಯ ಸಿಗುತ್ತದೆ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಶಕ 872ಕ್ಕೆ, ಅಂದರೆ ಕ್ರಿ.ಶ. 949-50ಕ್ಕೆ ಸೇರಿದ್ದು. ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿನ ಕಲ್ಲೆಂದೇ ಅದು ಹೆಸರುವಾಸಿ. ಅದೇ ಕಲ್ಲು ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನೂ ಹೇಳುತ್ತದೆ. ಚೋಳರ ದಾಖಲೆಗಳು ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ಅರಸನೆಂದು ಗುರುತಿಸುತ್ತವೆ. ಆನೆಯ ಬೆನ್ನು ಅರಸನನ್ನು ನೆಲದ ಈಟಿಗಳಿಂದ ಮೇಲೆತ್ತುತ್ತಿತ್ತು. ಅಷ್ಟೇ ದೂರದಿಂದ ಹಗೆಯ ಕಣ್ಣಿಗೂ ಒಡ್ಡುತ್ತಿತ್ತು. ಈ ಕಾಲದ ವೀರಗಲ್ಲುಗಳಲ್ಲಿ ಕಾಲಾಳುಗಳು ಹೆಚ್ಚಾಗಿ ಬರಿಮೈಯವರು. ಕೈಯಲ್ಲಿ ಕತ್ತಿ ಮತ್ತು ಗುರಾಣಿ ಮಾತ್ರ. ಸತ್ತವನನ್ನು ಚೆಲುವನಾಗಿ ಕಂಡರಿಸುವ ಶಿಲ್ಪಿಯ ರೂಢಿ ಇದರಲ್ಲಿ ಎಷ್ಟು ಬೆರೆತಿದೆ ಎಂಬ ಎಚ್ಚರ ಬೇಕು. ಆದರೂ ಸಾಲುಸಾಲು ಕಲ್ಲುಗಳಲ್ಲಿ ಇದೇ ಕಾಣುವಾಗ, ಊರಿನ ದನ ಬಿಡಿಸಲು ಹೋದವನಿಗೆ ಲೋಹದ ಕವಚ ಇರಲಿಲ್ಲವೆಂದು ನಂಬಲು ಅಡ್ಡಿಯಿಲ್ಲ.

ವಿಜಯನಗರದ ಕಾಲಕ್ಕೆ ಚಿತ್ರ ಸ್ಪಷ್ಟವಾಗುತ್ತದೆ. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡ ಕುದುರೆ ಸವಾರರು ಹಸಿದೊಗಲಿನ ಪದರಗಳಿಗೆ ಕಬ್ಬಿಣದ ತಗಡು ಸೇರಿಸಿದ ಅಂಗಿ ತೊಟ್ಟಿದ್ದರು. ಕೆಲವರ ತಗಡಿಗೆ ಚಿನ್ನದ ಲೇಪವೂ ಇತ್ತು. ರಾಯಚೂರಿನ ದಂಡಯಾತ್ರೆಯನ್ನು ವರ್ಣಿಸಿದ ನೂನಿಜ್, ಬಿಲ್ಲಾಳುಗಳೂ ಬಂದೂಕಿನವರೂ ಹತ್ತಿ ತುಂಬಿ ಹೊಲಿದ ಅಂಗಿ ತೊಟ್ಟಿದ್ದರೆಂದೂ, ಗುರಾಣಿಯವರ ಗುರಾಣಿ ಇಡೀ ಮೈ ಮುಚ್ಚುವಷ್ಟು ದೊಡ್ಡದಾದ್ದರಿಂದ ಅವರಿಗೆ ಬೇರೆ ಕವಚದ ಅಗತ್ಯವಿರಲಿಲ್ಲವೆಂದೂ ಬರೆದ. ಎರಡೂ ಕೈಗೆ ಕೆಲಸವಿದ್ದವನಿಗೆ ಅಂಗಿ, ಒಂದು ಕೈ ಬಿಡುವಿದ್ದವನಿಗೆ ಗುರಾಣಿ. ಹತ್ತಿಯ ಆಯ್ಕೆಯೂ ಯೋಚಿಸಿ ಮಾಡಿದ್ದೇ. ದಖ್ಖನಿನ ಬಿಸಿಲಿನಲ್ಲಿ ಕಬ್ಬಿಣ ಕಾದು ಸುಡುತ್ತದೆ, ಮಳೆಯಲ್ಲಿ ತುಕ್ಕು ಹಿಡಿಯುತ್ತದೆ. ಒತ್ತಾಗಿ ಹೊಲಿದ ಹತ್ತಿ ಕತ್ತಿಯೇಟನ್ನು ಹೀರಿಕೊಂಡೂ ಹಗುರವಾಗಿರುತ್ತದೆ.

ಈ ಲೆಕ್ಕಾಚಾರವನ್ನು ಕೆಡಿಸಿದ್ದು ಬಂದೂಕು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೇನೆಯೂ ಜನರಲ್ ಹ್ಯಾರಿಸನ ಸೇನೆಯೂ ಎದುರಾದವು. ಮೈಸೂರಿನ ಕಾಲಾಳು ಹುಲಿಪಟ್ಟೆ ಮಾದರಿಯ ಅಂಗಿಯಲ್ಲಿ, ಇಂಗ್ಲಿಷರ ಕಾಲಾಳು ಕೆಂಪು ಕೋಟಿನಲ್ಲಿ. ಎರಡೂ ಕಡೆ ಎದೆಗೆ ತಗಡು ಕಟ್ಟಿದ ಸಿಪಾಯಿಯಿಲ್ಲ. ಸುಮಾರು 30 ಗ್ರಾಂ ತೂಗುವ ಸೀಸದ ಗುಂಡು ಹತ್ತಿರದಿಂದ ಬಂದರೆ ಅದನ್ನು ತಡೆಯುವ ಉಕ್ಕಿನ ತಗಡು ದಪ್ಪವಾಗಿರಬೇಕಿತ್ತು. ಅಷ್ಟು ಭಾರ ಹೊತ್ತವನು ಸಾಲು ಕೆಡದಂತೆ ನಡೆದು, ನಿಂತು, ಮದ್ದು ತುಂಬಿ ಹಾರಿಸುವುದು ಆಗದ ಮಾತು. ಹಾಗಾಗಿ ಕಾಪಾಡುವ ಕೆಲಸ ಬಟ್ಟೆಯಿಂದ ಕವಾಯತಿಗೆ ಜಾರಿತು. ಮಳವಳ್ಳಿಯಲ್ಲಿ ಮೈಸೂರಿನ ಕುದುರೆ ದಳದ ದಾಳಿ ಮುರಿದದ್ದು ಸಾಲಾಗಿ ನಿಂತವರ ಏಕಕಾಲದ ಗುಂಡಿನಿಂದ.

ಹಳೆಯ ಉಡುಪು ಆಗಲೂ ಪೂರ್ತಿ ಹೋಗಿರಲಿಲ್ಲ. ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿ ಟಿಪ್ಪುವಿನದೆಂದು ದಾಖಲಾದ, ಬಟ್ಟೆಯನ್ನು ಪದರವಾಗಿ ಹೊಲಿದ ಶಿರಸ್ತ್ರಾಣವಿದೆ. ಆದರೆ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಅವನ ಶವ ಸಿಕ್ಕಾಗ ಇಂಗ್ಲಿಷರ ಮೇಜರ್ ಅಲನ್ ಕಂಡದ್ದು ತೆಳುವಾದ ಬಿಳಿ ಅಂಗಿ, ಹೂವಿನ ಚೀಟಿಯ ಸಡಿಲ ಇಜಾರ, ನಡುವಿಗೆ ಕೆಂಪು ವಸ್ತ್ರ, ತೋಳಿನಲ್ಲಿ ರೇಷ್ಮೆಯಲ್ಲಿ ಹೊಲಿದ ತಾಯತ. ಪೇಟ ಕಳಚಿಹೋಗಿತ್ತು. ಮೈಮೇಲೆ ಮೂರು ಗಾಯ. ನಾಲ್ಕನೆಯದು ತಲೆಗೆ: ಗುಂಡು ಬಲಗಿವಿಯ ಮೇಲ್ಗಡೆ ಹೊಕ್ಕು ಕೆನ್ನೆಯಲ್ಲಿ ನಿಂತಿತ್ತು. ಕವಚ ತೊಡುವ ಅನುಕೂಲ ಯಾರಿಗಾದರೂ ಇದ್ದರೆ ಅದು ಅವನಿಗಿತ್ತು. ಮುತ್ತಿಗೆಯ ಮಧ್ಯಾಹ್ನ, ಮುನ್ಸೂಚನೆಯಿಲ್ಲದೆ ಎದ್ದುಹೋದವನಿಗೆ ಅದು ಒದಗಲಿಲ್ಲ.

ಮುಂದಿನ ನೂರು ವರ್ಷ ಕವಚ ಬಹುಪಾಲು ಮೆರವಣಿಗೆಯ ವಸ್ತುವಾಯಿತು. 1914ರಲ್ಲಿ ಯುರೋಪಿನ ಸೇನೆಗಳು ಬಟ್ಟೆಯ, ಚರ್ಮದ ಟೋಪಿಯಲ್ಲೇ ಯುದ್ಧಕ್ಕೆ ಹೊರಟವು. ಕಂದಕಗಳಲ್ಲಿ ತಲೆಗೆ ಬೀಳುತ್ತಿದ್ದ ಸಿಡಿಗುಂಡಿನ ಚೂರುಗಳು 1915ರಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ, 1916ರಲ್ಲಿ ಜರ್ಮನಿಗೂ ಉಕ್ಕಿನ ಟೋಪಿ ತೊಡಿಸಿದವು. ಜರ್ಮನರು ಎದೆಕವಚವನ್ನೂ ಮಾಡಿದರು. ಸುಮಾರು 10 ಕಿಲೋ ತೂಗುತ್ತಿದ್ದ ಅದು ಒಂದೇ ಕಡೆ ನಿಲ್ಲುವ ಕಾವಲುಗಾರನಿಗೆ ಸರಿಹೋಯಿತು, ಮುನ್ನುಗ್ಗುವವನಿಗೆ ಅಲ್ಲ. ಇದೇ ಯುದ್ಧದಲ್ಲಿ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಸೇರಿ, ಭರ್ಜಿ ಹಿಡಿದು ಮೆಷಿನ್‌ಗನ್ನುಗಳ ಎದುರು ಹೈಫಾವನ್ನು ಗೆದ್ದರು. ಅಲ್ಲಿ ಅವರಿಗಿದ್ದ ರಕ್ಷಣೆ ಕುದುರೆಯ ವೇಗವೇ.

1960ರ ದಶಕದಲ್ಲಿ ಬಂದ ಕೆವ್ಲಾರ್ ಎಂಬ ಗಟ್ಟಿ ನಾರು ಮತ್ತು ಸೆರಾಮಿಕ್ ಫಲಕಗಳು ಹಳೆಯ ಪ್ರಶ್ನೆಯನ್ನು ಮತ್ತೆ ತೆರೆದವು. ತತ್ವ ನೂನಿಜ್ ಕಂಡ ಹತ್ತಿಯ ಅಂಗಿಯದೇ: ಪದರದ ಮೇಲೆ ಪದರವಿಟ್ಟು ಪೆಟ್ಟನ್ನು ಹರಡುವುದು. ಭಾರತದಲ್ಲಿ ವಾದ ತಂತ್ರಜ್ಞಾನಕ್ಕಿಂತ ಖರೀದಿಯದಾಯಿತು. 2009ರಲ್ಲಿ ಒಪ್ಪಿಗೆ ಸಿಕ್ಕ 1,86,138 ಗುಂಡುನಿರೋಧಕ ಜಾಕೆಟ್‌ಗಳಿಗೆ ಕರಾರು ಆದದ್ದು 2018ರ ಏಪ್ರಿಲ್‌ನಲ್ಲಿ, 639 ಕೋಟಿ ರೂಪಾಯಿಗೆ. ನಡುವೆ 2016ರಲ್ಲಿ 50,000 ಜಾಕೆಟ್‌ಗಳನ್ನು ತುರ್ತಾಗಿ ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಮೆಟೀರಿಯಲ್ಸ್‌ನಿಂದ ಕೊಳ್ಳಲಾಯಿತು. 2021ರಲ್ಲಿ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ ಮಧ್ಯಮ ಅಳತೆಯ ಜಾಕೆಟ್ಟಿನ ತೂಕವನ್ನು 10.4 ಕಿಲೋದಿಂದ 9ಕ್ಕೆ ಇಳಿಸಿತು. ಒಂದೂವರೆ ಕಿಲೋಗೂ ಕಡಿಮೆ ಈ ಇಳಿಕೆ ಸುದ್ದಿಯಾದದ್ದರಲ್ಲಿ ಅತಿಶಯವಿಲ್ಲ. ದಿನವಿಡೀ ಗುಡ್ಡ ಹತ್ತುವವನ ಹೆಗಲಿಗೆ ಅದು ಗೊತ್ತಾಗುತ್ತದೆ.

2019ರ ಫೆಬ್ರವರಿ 14ರಂದು ಪುಲ್ವಾಮಾ ಜಿಲ್ಲೆಯ ಲೇತಪೋರದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಮಡಿದಾಗ ಪ್ರಶ್ನೆ ಮದ್ದೂರು ತಾಲ್ಲೂಕಿಗೇ ಬಂತು. ಸತ್ತವರಲ್ಲಿ ಗುಡಿಗೆರೆಯ ಯೋಧರೊಬ್ಬರಿದ್ದರು. ಸ್ಫೋಟಕ ತುಂಬಿದ ವಾಹನ ಬಸ್ಸಿಗೆ ಬಂದು ಬಡಿದಾಗ ಜಾಕೆಟ್ಟಿನಿಂದ ಆಗುವ ಉಪಯೋಗವಿಲ್ಲ. 78 ವಾಹನಗಳಲ್ಲಿ 2,500ಕ್ಕೂ ಹೆಚ್ಚು ಜನರನ್ನು ಒಂದೇ ಹೆದ್ದಾರಿಯಲ್ಲಿ ಏಕೆ ಸಾಗಿಸಬೇಕಿತ್ತು ಎಂಬ ಕಡೆಗೆ ಚರ್ಚೆ ಹೊರಳಿತು. ಒಂದು ವಾರದಲ್ಲಿ ಕೇಂದ್ರ ಗೃಹ ಸಚಿವಾಲಯ ದೆಹಲಿ-ಶ್ರೀನಗರ ಮತ್ತು ಜಮ್ಮು-ಶ್ರೀನಗರ ಮಾರ್ಗಗಳಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಎಲ್ಲರಿಗೂ ವಿಮಾನ ಪ್ರಯಾಣಕ್ಕೆ ಅನುಮತಿ ಕೊಟ್ಟಿತು. ಇದರಿಂದ ಸುಮಾರು 7,80,000 ಮಂದಿಗೆ ಅನುಕೂಲವಾಯಿತು. ಅವರು ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ ದರ್ಜೆಯವರು. ಅಲ್ಲಿಯವರೆಗೆ ಆ ಅರ್ಹತೆ ಇದ್ದದ್ದು ಅವರ ಮೇಲಿನವರಿಗೆ.