ಪುಲಿಗೆರೆಯ ಶಂಖಬಸದಿಯ ಶಾಸನಗಳೂ ಸಂಶೋಧಕನ ಸತ್ಯನಿಷ್ಠೆಯೂ

ಇಂದಿನ ಲಕ್ಷ್ಮೇಶ್ವರವೇ ಪೂರ್ವದ ಪುಲಿಗೆರೆಯೆಂಬುದು ಸುವಿದಿತವಾಗಿದೆ. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಈ ಊರಿನ ಕನ್ನಡವನ್ನೇ ತನ್ನ ಕೃತಿಗೆ ಆಧಾರವೆಂದು ಹೇಳಿಕೊಂಡಿರುವುದರಿಂದ ಸಾಹಿತ್ಯಾಭ್ಯಾಸಿಗಳು ಇದನ್ನು ಆದರದಿಂದ ಸ್ಮರಿಸುವರು. ಈ ಊರು ಜೈನಾಚಾರ್ಯರ ಶಾಸ್ತ್ರವಿದ್ಯೆಗೂ ನೆಲೆಯಾಗಿದ್ದಿತು. ಧರ್ಮಪೀಠವೊಂದರ ದಾಖಲೆಗಳನ್ನು ಸಂಶೋಧಕನು ಯಾವ ಕ್ರಮದಿಂದ ಉಪಯೋಗಿಸತಕ್ಕದ್ದೆಂಬ ಪ್ರಶ್ನೆಯನ್ನು ಇಲ್ಲಿಯ ಶಂಖಬಸದಿಯ ಶಾಸನಗಳು ಮುಂದಿಡುತ್ತವೆ.

ಇವುಗಳನ್ನು ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ಯ 7ನೆಯ ಸಂಪುಟದಲ್ಲಿ (1878) ಪ್ರಕಟಿಸಿದರು. ಬೇರೆ ಬೇರೆ ಕಾಲದ ದಾನಗಳು ಒಂದೇ ಕಲ್ಲಿನ ಮೇಲೆ ಒಂದರ ಕೆಳಗೊಂದು ಬರೆಯಲ್ಪಟ್ಟಿರುವುದೇ ಇಲ್ಲಿಯ ವಿಶೇಷವು. ಗಂಗರ ಮಾರಸಿಂಹನ ಶಕವರ್ಷ 890ರ (ಕ್ರಿ. ಶ. 968) ಲೇಖವು ಮೇಲಿದ್ದು, ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಶಕವರ್ಷ 656ರ (734) ಲೇಖವು ಅದರ ಕೆಳಗಿದೆ. ಹಳೆಯ ದಾನವು ಹೊಸ ದಾನದ ತರುವಾಯ ಬಂದಿರುವುದರಿಂದಲೂ, ಲಿಪಿಯು ಈಚಿನದಾಗಿರುವುದರಿಂದಲೂ, ಚಾಲುಕ್ಯಲೇಖವು ಆ ಅರಸನ ಕಾಲದಲ್ಲಿಯೇ ಕೊರೆದುದಲ್ಲವೆಂಬುದು ಸ್ಪಷ್ಟವು.

ಹಾಗಾದರೆ ಇದು ಕೂಟಶಾಸನವೇ? ವಿನಯಾದಿತ್ಯನ ಶಕ 608 (686), ವಿಜಯಾದಿತ್ಯನ ಶಕ 651 (729), ವಿಕ್ರಮಾದಿತ್ಯನ ಶಕ 656—ಇಲ್ಲಿಯ ಈ ಮೂರು ಕಾಲಗಳೂ ಆಯಾ ಅರಸರ ಆಳಿಕೆಗೆ ಸರಿಹೊಂದುತ್ತವೆ. ಕೃತಕ ಲೇಖಗಳು ಸಾಮಾನ್ಯವಾಗಿ ಎಡವುವುದು ಇಂತಹ ಸ್ಥಳದಲ್ಲಿಯೇ. ಆದುದರಿಂದ ಬರೆಯಿಸಿದವರ ಮುಂದೆ ಹಳೆಯ ಪ್ರತಿಗಳಿದ್ದಿರಬಹುದು. ಆದರೆ ಕಾಲವು ಹೊಂದಿದ ಮಾತ್ರಕ್ಕೆ ದಾನದ ವಿವರಗಳೆಲ್ಲ ನಿಜವೆನ್ನಲಾಗದು. ಭೂಮಿಯ ಹಕ್ಕನ್ನು ಸ್ಥಾಪಿಸುವಾಗ ಹೊಸ ಮಾತು ಸೇರಿರುವುದೂ ಸಂಭವವೇ. ಲಿಪಿಯು ಈಚಿನದಾದ ಮಾತ್ರಕ್ಕೆ ಎಲ್ಲವೂ ಕಲ್ಪಿತವೆಂದು ತಳ್ಳಿಬಿಡುವುದೂ ನ್ಯಾಯವಲ್ಲ.

ಈ ವಿವೇಕದ ಅಗತ್ಯವು ಸಾಹಿತ್ಯಚರಿತ್ರೆಯಲ್ಲಿ ಎದ್ದು ಕಾಣುವುದು. ಶಕ 651ರ ಲೇಖದಲ್ಲಿ ದಾನವನ್ನು ಪಡೆದ ಉದಯದೇವಪಂಡಿತನು ಪೂಜ್ಯಪಾದರ ಶಿಷ್ಯನೆಂದು ಹೇಳಲ್ಪಟ್ಟಿದ್ದಾನೆ. ಇವರೇ ಜೈನೇಂದ್ರವ್ಯಾಕರಣದ ಕರ್ತೃವೆಂದು ಹಿಡಿದರೆ ಆ ಮಹಾವೈಯಾಕರಣನನ್ನು 8ನೆಯ ಶತಮಾನದ ಸಮೀಪಕ್ಕೆ ತರಬೇಕಾಗುವುದು. ಪೂಜ್ಯಪಾದವೆಂಬುದು ಗೌರವದ ಹೆಸರಾದುದರಿಂದ ಅದು ಅನೇಕರಿಗೆ ಸಲ್ಲಬಹುದು. ಪ್ರತಿಯಾಗಿ ಉಳಿದ ಶಾಸನದ ಒಂದು ಹೆಸರಿನ ಮೇಲೆ ವ್ಯಾಕರಣಶಾಸ್ತ್ರದ ಕಾಲಗಣನೆಯನ್ನು ನಿಲ್ಲಿಸುವುದು ಸಾಹಸವೇ ಸರಿ.

ಸಮೀಪದ ಗದಗಿನಲ್ಲಿ ಬೇರೊಂದು ಪಾಠವಿದೆ. ತ್ರಿಕೂಟೇಶ್ವರದ ಕಾಳಾಮುಖ ಆಚಾರ್ಯನಾದ ಸಿದ್ಧಾಂತಿ ಚಂದ್ರಭೂಷಣಪಂಡಿತನಿಗೆ ಸತ್ಯವಾಕ್ಯನೆಂಬ ಇನ್ನೊಂದು ಹೆಸರಿದ್ದಿತು. ಅವನ ಸ್ಥಾನಕ್ಕೆ ಸೇವುಣ ಭಿಲ್ಲಮನು 1191ರಲ್ಲಿಯೂ, ಅವನ ವೈರಿಯಾದ ಹೊಯ್ಸಳ ವೀರಬಲ್ಲಾಳನು 1192ರಲ್ಲಿಯೂ ದತ್ತಿಯನ್ನು ಕೊಟ್ಟರು. ಗೆದ್ದವನ ಶಾಸನವು ಬಂದಮೇಲೂ ಸೋತವನ ಶಾಸನವು ಅಳಿಯದೆ ಉಳಿಯಿತು. ಇವುಗಳಲ್ಲಿ ಒಂದನ್ನೇ ಓದಿದವನಿಗೆ ಆ ನಾಡಿನ ಒಡೆತನವು ಎಷ್ಟು ಬೇಗ ಕೈಬದಲಾಯಿಸಿತೆಂಬುದು ತಿಳಿಯಲಾರದು.

ಧರ್ಮಶಾಸ್ತ್ರವನ್ನು ಕಲಿಸುವ ವಿದ್ಯಾಲಯಗಳಲ್ಲಿ ಸ್ವಸಂಪ್ರದಾಯದ ಪ್ರಾಚೀನತೆಯನ್ನು ಸಾಧಿಸುವ ಆಸೆಯು ಸಹಜವಾಗಿಯೇ ಹುಟ್ಟುವುದು. ಮೂಲವನ್ನು ಮೂಲವೆಂದೂ, ಪ್ರತಿಯನ್ನು ಪ್ರತಿಯೆಂದೂ, ಊಹೆಯನ್ನು ಊಹೆಯೆಂದೂ ಹೆಸರಿಸಿ, ತನ್ನ ಪಕ್ಷಕ್ಕೆ ಒಲ್ಲದ ಕಲ್ಲನ್ನೂ ಓದುಗರ ಮುಂದಿಡುವುದೇ ಅಲ್ಲಿಯ ಸಂಶೋಧಕನ ವ್ರತವಾಗಿರತಕ್ಕದ್ದು.