ಕುಬಟೂರು: ಮೊದಲ ದಿನದ ಸುತ್ತಾಟ

ಕುಬಟೂರು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯ ಮಗ್ಗುಲಲ್ಲಿರುವ ಹಳ್ಳಿ. ಮಲೆನಾಡು ತಗ್ಗಿ ಬಯಲುಸೀಮೆಗೆ ಹೊರಳುವ ಸೆರಗಿದು. ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಅಡಿಕೆ ತೋಟ ಮೂರೂ ಈ ಸೀಮೆಯಲ್ಲಿ ಕಾಣಸಿಗುತ್ತವೆ. ಶಿಕಾರಿಪುರದ ಕಡೆಯಿಂದ ಬರುವವರು ಶಿರಾಳಕೊಪ್ಪದ ಮೇಲೆ, ಹಾವೇರಿ ಕಡೆಯವರು ಹಾನಗಲ್ಲಿನ ಮೇಲೆ ಆನವಟ್ಟಿಗೆ ಬಂದಿಳಿಯುತ್ತಾರೆ. ತಿಂಡಿ, ಕಾಫಿಯನ್ನು ಅಲ್ಲೇ ಮುಗಿಸಿಕೊಂಡು ಹೊರಡುವುದು ಜಾಣತನ.

ಶಾಸನಗಳಲ್ಲಿ ಕುಪ್ಪಟೂರು ಎನಿಸಿಕೊಂಡ ಈ ಊರು ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿಗೆ ಸೇರಿದ ಅಗ್ರಹಾರವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಈ ನಾಡನ್ನು ಕಲ್ಯಾಣದ ಚಾಲುಕ್ಯರ ಅಧೀನದಲ್ಲಿದ್ದ ಕದಂಬ ಮಾಂಡಲಿಕರು ಆಳುತ್ತಿದ್ದರು. ಇದೇ ಕುಂತಲನಗರ, ಚಂದ್ರಹಾಸನ ರಾಜಧಾನಿ ಎಂಬ ಐತಿಹ್ಯವೂ ಉಂಟು. ಚಂದ್ರಹಾಸನ ಕಥೆಯಿರುವ ಲಕ್ಷ್ಮೀಶನ ಜೈಮಿನಿ ಭಾರತವನ್ನು ವಾಚನದಲ್ಲಿ ಕೇಳಿ ಬೆಳೆದ ಸೀಮೆಯಲ್ಲಿ ಇಂಥ ನಂಬಿಕೆ ಬೇರೂರಿದ್ದು ಸಹಜ. ಚರಿತ್ರೆಗೆ ಆಧಾರ ಬೇಕೆಂದರೆ ಮಾತ್ರ ಕಲ್ಲುಬರಹಗಳ ಕಡೆಗೇ ತಿರುಗಬೇಕು.

ನೋಡುವುದನ್ನು ಕೈಟಭೇಶ್ವರ ದೇವಾಲಯದಿಂದ ಆರಂಭಿಸುವುದು ರೂಢಿ. ಕೋಟೀಶ್ವರ ಎಂಬುದು ಇದರ ಇನ್ನೊಂದು ಹೆಸರು. ಸುಮಾರು 1100ರ ಹೊತ್ತಿನ ಈ ಕಟ್ಟಡವನ್ನು ಹೊಯ್ಸಳ ವಿನಯಾದಿತ್ಯನ ಕಾಲದ್ದೆಂದು ಹೇಳುವುದುಂಟು. ಆದರೆ ಆಗ ಈ ನಾಡಿನ ಸಾರ್ವಭೌಮ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಶೈಲಿಯೂ ಬಹುಮಟ್ಟಿಗೆ ಚಾಲುಕ್ಯರದೇ. ಹೊಯ್ಸಳರ ಹಳೇಬೀಡಿನಲ್ಲಿ ಗೋಡೆಯ ಮೇಲಿನ ಕೆತ್ತನೆಯಿಂದ ಕಣ್ಣಿಗೆ ಬಿಡುವೇ ಇರುವುದಿಲ್ಲ. ಇಲ್ಲಿಯ ಶಿಲ್ಪಿ ಗೋಡೆಯಲ್ಲಿ ಮಿತವಾಗಿ ನಡೆದುಕೊಂಡು, ತನ್ನ ಕೈಚಳಕವನ್ನು ಮಂಟಪಕ್ಕೆ ಮೀಸಲಿಟ್ಟಿದ್ದಾನೆ.

ಪೂರ್ವ, ದಕ್ಷಿಣ, ಉತ್ತರ ಮೂರು ಕಡೆಗೂ ಬಾಗಿಲಿರುವ ವಿಶಾಲವಾದ ತೆರೆದ ಮಂಟಪವಿದು. ಹತ್ತು ಜನ ಸೇರುವ ಸಂದರ್ಭಕ್ಕೆಂದೇ ಅಳತೆ ಹಾಕಿದಂತಿದೆ. ಅಂಚಿನುದ್ದಕ್ಕೂ ಒರಗಿ ಕೂರಲು ಕಕ್ಷಾಸನ. ಕಂಬಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಈ ಕಲ್ಲು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಆ ಮೆದುವಿನಲ್ಲೇ ಕಡೆದು ತಿರುವಿದ್ದರಿಂದ ಬಳೆ ಜೋಡಿಸಿದಂಥ ಸಣ್ಣ ಸುತ್ತುಗಳು, ಗಂಟೆಯಾಕಾರದ ಉಬ್ಬು, ಅದರ ಮೇಲೆ ತಟ್ಟೆಯಂಥ ಅಗಲ ಬಿಲ್ಲೆ ಹೀಗೆ ಒಂದರ ಮೇಲೊಂದು ಏರುತ್ತವೆ. ಬೆಳಕು ಓರೆಯಾಗಿ ಬೀಳುವ ಬೆಳಗಿನಲ್ಲಿ ಇವು ಚೆನ್ನಾಗಿ ಕಾಣುತ್ತವೆ. ಕಂಬ ನೋಡಿದವರು ತಲೆಯೆತ್ತಿ ಹೂಕೆತ್ತನೆಯ ಗುಮ್ಮಟದಂಥ ಛಾವಣಿಯನ್ನೂ ನೋಡಬೇಕು. ಒಳಬಾಗಿಲಿನ ಎರಡು ಪಕ್ಕದ ಗೂಡುಗಳಲ್ಲಿ ಗಣಪತಿ, ಮಹಿಷಮರ್ದಿನಿ ಇದ್ದಾರೆ. ಹೊರಗಿನ ಕೈಪಿಡಿ ಗೋಡೆಯ ಮೇಲೆ ವರಾಹ, ಉಗ್ರನರಸಿಂಹ, ಕೇಶವರ ಶಿಲ್ಪಗಳಿವೆ; ಶಿವಾಲಯದಲ್ಲಿ ವಿಷ್ಣುವಿನ ರೂಪಗಳು ಬಂದದ್ದಕ್ಕೆ ಆ ಕಾಲದವರು ಹುಬ್ಬೇರಿಸಿರಲಾರರು. ದೇವಾಲಯ ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ.

ಬಹಳಷ್ಟು ಪ್ರವಾಸಿಗರು ಇಷ್ಟು ನೋಡಿ ವಾಹನ ಹತ್ತುತ್ತಾರೆ. ಊರಿನ ಚರಿತ್ರೆ ಬಿಚ್ಚಿಕೊಳ್ಳುವುದು ಪಾರ್ಶ್ವನಾಥ ಬಸದಿಯ ಕಡೆಗೆ ನಡೆದಾಗ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಇಲ್ಲಿಯ ಪಾರ್ಶ್ವದೇವ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರ ಮೂಲಕ ನೆಲೆಗೊಳಿಸಿದಳು. ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ ಅವರಿಂದಲೇ ಅದಕ್ಕೆ ‘ಬ್ರಹ್ಮ ಜಿನಾಲಯ’ವೆಂದು ಹೆಸರಿಡಿಸಿದಳೆಂದು ಶಾಸನ ಹೇಳುತ್ತದೆ. ಇದನ್ನು ಬರೀ ಸೌಹಾರ್ದದ ಕಥೆಯಾಗಿ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ. ಅಗ್ರಹಾರದ ನೆಲ ಮಹಾಜನರೆನಿಸಿದ ಈ ಬ್ರಾಹ್ಮಣರ ಹಿಡಿತದಲ್ಲಿರುತ್ತಿತ್ತು. ರಾಣಿಯಾದರೂ ಅವರನ್ನು ಒಲಿಸಿಕೊಂಡೇ ಬಸದಿಗೆ ನೆಲೆ ಮಾಡಬೇಕಿತ್ತು. ಊರಿನ ಆಡಳಿತದಲ್ಲಿ ಮಹಾಜನರ ಮಾತಿಗೆ ಎಷ್ಟು ತೂಕವಿತ್ತೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಸೊರಬ ಸೀಮೆಯ ಶಾಸನಗಳನ್ನು ಶಾಸನ ಸಂಶೋಧಕ ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು.

ಇನ್ನುಳಿದವು ರಾಮೇಶ್ವರ ಮತ್ತು ನರಸಿಂಹ ದೇವಾಲಯಗಳು. ಕೈಟಭೇಶ್ವರದ ವೈಭವ ಇವಕ್ಕಿಲ್ಲ. ಶೈವ, ವೈಷ್ಣವ, ಜೈನ ಮೂರೂ ಒಂದೇ ಅಗ್ರಹಾರದಲ್ಲಿ ನೆಲೆ ಕಂಡಿದ್ದವು ಎಂಬುದು ಇವನ್ನು ಸುತ್ತಿದಾಗಲೇ ಮನಸ್ಸಿಗೆ ಇಳಿಯುವುದು.

ಬನವಾಸಿ, ಬಳ್ಳಿಗಾವಿ, ಬಂದಳಿಕೆಯಂಥ ಹಳೆಯ ಊರುಗಳೆಲ್ಲವೂ ಇದೇ ಸೀಮೆಯಲ್ಲಿರುವುದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಆಸೆ ಹಲವರಿಗೆ. ಹಾಗೆ ಮಾಡಿದರೆ ಕುಬಟೂರಿನ ಪಾಲಿಗೆ ಅರ್ಧ ಗಂಟೆ ಉಳಿಯುತ್ತದೆ, ಬಸದಿ ತಪ್ಪಿಹೋಗುತ್ತದೆ. ಮೊದಲ ದಿನವನ್ನು ಈ ಊರಿಗೇ ಬಿಟ್ಟು, ಬನವಾಸಿಯನ್ನೂ ಬಳ್ಳಿಗಾವಿಯನ್ನೂ ಮರುದಿನಕ್ಕೆ ಇಟ್ಟುಕೊಳ್ಳುವುದು ಮೇಲು.