ಉಳಿದ ಮಾತು, ಅಳಿದ ಧಾಟಿ

ಕೆಲವು ಹಾಡುಗಳು ನಾವು ಕರೆಯದೆಯೇ ಬರುತ್ತವೆ. ದಾರಿ ನಡೆಯುವಾಗಲೋ, ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟಾಗಲೋ ಒಂದು ಪಲ್ಲವಿ ತಾನಾಗಿ ಮೊದಲಾಗುತ್ತದೆ, ಸಾಕೆಂದರೂ ನಿಲ್ಲದು. ಇದನ್ನು ಮನಸ್ಸಿನ ಚಾಪಲ್ಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಸಾಹಿತ್ಯದ ಒಂದು ದೊಡ್ಡ ರಾಶಿ ಬಹುಮಟ್ಟಿಗೆ ಹೀಗೆಯೇ, ನಾಲಗೆಯ ಮೇಲೆ ನಿಂತು, ಸುಮಾರು ಮೂರು ಶತಮಾನಗಳನ್ನು ದಾಟಿ ಬಂದಿದೆ. ದಾಸರ ಪದಗಳನ್ನು ಕುರಿತು ನಾನು ಈ ಮಾತನ್ನು ಹೇಳುತ್ತಿದ್ದೇನೆ.

ಪುರಂದರದಾಸರ ಕಾಲವನ್ನು 1484ರಿಂದ 1564 ಎಂದು ಎಣಿಸುವುದು ವಾಡಿಕೆ. ಅವರ ಕೃತಿಗಳು 4,75,000 ಎಂಬುದು ಸಂಪ್ರದಾಯದ ಹೇಳಿಕೆ; ನಮ್ಮ ಕೈಗೆ ಬಂದಿರುವುವು ಸಾವಿರದಷ್ಟು. ಓಲೆಗರಿಗಳೂ ಕೈಬರಹದ ಪುಸ್ತಕಗಳೂ ಇದ್ದುವು, ನಿಜ. ಆದರೆ ಪದಗಳ ನಿಜವಾದ ಭಂಡಾರ ಹಾಡುವವರ ಬಾಯಿ.

ಆ ಬಾಯಿಗೆ ನೆರವಾಗುವಂತೆಯೇ ಪದದ ಕಟ್ಟಡವಿದೆ. ಪ್ರತಿಯೊಂದು ಚರಣದ ಕೊನೆಗೆ ಪಲ್ಲವಿ ಮರಳಿ ಬರುತ್ತದೆ. ಮರೆತವನಿಗೆ ಅದು ನಿಂತು ಉಸಿರಾಡುವ ಜಗಲಿ. ಸಾಲಿನ ಎರಡನೆಯ ಅಕ್ಷರದ ಪ್ರಾಸ ಮುಂದಿನ ಸಾಲನ್ನು ಕೈಹಿಡಿದು ತರುತ್ತದೆ. ಕಡೆಯ ಚರಣದಲ್ಲಿ ‘ಪುರಂದರವಿಠಲ’ ಎಂಬ ಅಂಕಿತ ಬಂದರೆ, ಅಕ್ಷರ ಬಾರದವರಿಗೂ ಕರ್ತೃ ಯಾರೆಂದು ತಿಳಿಯುತ್ತದೆ.

ಈ ಪದಗಳು ಮೊದಲು ಅಚ್ಚಾದುದು ಮಂಗಳೂರಿನಲ್ಲಿ. ಧರ್ಮಪ್ರಚಾರಕ್ಕೆಂದು ಜರ್ಮನಿಯಿಂದ ಬಂದ ಹೆರ್ಮನ್ ಮೊಗ್ಲಿಂಗ್ 1850ರ ಸುಮಾರಿಗೆ ‘ದಾಸರ ಪದಗಳು’ ಎಂಬ ಸಂಕಲನವನ್ನು ಹೊರತಂದರು. 1871ರಲ್ಲಿ ಮದರಾಸಿನ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ದಾಸರ ಪದಗಳ ಅನುವಾದಗಳನ್ನು ಸೇರಿಸಿದರು. ಇವನ್ನು ನಾವು ‘ಶೋಧ’ ಎನ್ನುತ್ತೇವೆ. ಬೆಳಗಿನ ಜಾವ ಎದ್ದು ಹಾಡಿಕೊಳ್ಳುತ್ತಿದ್ದ ಹೆಂಗಸರಿಗೆ ಆ ಪದಗಳು ಎಂದೂ ಕಳೆದಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಅಚ್ಚು ಮಾತನ್ನು ಉಳಿಸಿತು. ಧಾಟಿಯ ಗತಿಯೇನು? ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ರಾಗತಾಳಗಳ ಹೆಸರಿರುತ್ತದೆ. ಒಂದು ಪ್ರತಿಯ ರಾಗ ಇನ್ನೊಂದರಲ್ಲಿ ಇರುವುದಿಲ್ಲ. ದಾಸರು ಯಾವ ಧಾಟಿಯಲ್ಲಿ ಹಾಡಿದರೆಂಬುದು ಬಹುತೇಕ ಪದಗಳ ಮಟ್ಟಿಗೆ ಅಳಿದುಹೋಗಿದೆ. ಇದಕ್ಕೊಂದು ಅಪವಾದವಿದೆ. ಮಲಹರಿ ರಾಗದ ಪಿಳ್ಳಾರಿ ಗೀತೆಗಳು ತಮ್ಮ ಸ್ವರದೊಡನೆಯೇ ನಮಗೆ ಬಂದಿವೆ. ಅವು ಉಳಿದುದು ಪಂಡಿತರ ಜಾಣ್ಮೆಯಿಂದಲ್ಲ. ಸಂಗೀತ ಕಲಿಯುವ ಮಕ್ಕಳಿಗೆ ದಕ್ಷಿಣ ದೇಶದಲ್ಲೆಲ್ಲ ಮೊದಲಿಗೆ ಹೇಳಿಕೊಡುವ ಗೀತೆಗಳು ಅವೇ ಆದುದರಿಂದ. ಎಳೆಯ ನಾಲಗೆಗೆ ಅಂಟಿದ ಸ್ವರ ಮುಪ್ಪಿನವರೆಗೂ ಬಿಡದು.

ಇಪ್ಪತ್ತನೆಯ ಶತಮಾನದಲ್ಲಿ ದಾಸರ ಪದಗಳು ಮತ್ತೊಮ್ಮೆ ದೊರೆತುವು. ಎಂ. ಎಲ್. ವಸಂತಕುಮಾರಿಯವರು ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ದೇವರನಾಮಗಳಿಗೆ ಗೌರವದ ಸ್ಥಾನ ದೊರಕಿಸಿದರು. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅವನ್ನು ಹಿಂದೂಸ್ತಾನಿ ಗಾಯನದ ಗಾಂಭೀರ್ಯದಲ್ಲಿ ಹಾಡಿದರು. ಇಂದು ಪದವೊಂದು ತಲೆಯಲ್ಲಿ ಸುಳಿದರೆ, ಅನೇಕರಿಗೆ ಅದು ಇಂಥವರ ಕಂಠದಲ್ಲಿಯೇ ಸುಳಿಯುತ್ತದೆ. ಪುನಃಶೋಧವೆಂದರೆ ಹಳೆಯದು ಇದ್ದಂತೆಯೇ ಸಿಕ್ಕುವುದಲ್ಲ. ಹಳೆಯ ಮಾತಿಗೆ ಹೊಸ ಧಾಟಿ ಹುಟ್ಟುವುದೂ ಹೌದು.

ಇದನ್ನು ನಷ್ಟವೆನ್ನೋಣವೇ? ನನ್ನ ಅಜ್ಜಿ ಹಾಡುತ್ತಿದ್ದ ಪದವೊಂದಕ್ಕೆ ಯಾವ ಶಾಸ್ತ್ರದ ರಾಗವೂ ಸರಿಯಾಗಿ ಒಪ್ಪುತ್ತಿರಲಿಲ್ಲ. ಹೂ ಕಟ್ಟುವ ಬೆರಳಿನ ಗತಿಯೇ ಅದರ ತಾಳ. ಅದೇ ಪದವನ್ನು ಮುಂದೆ ಕಛೇರಿಯಲ್ಲಿ ಕೇಳಿ ನಾನು ಸಂತೋಷಪಟ್ಟೆ; ಆದರೆ ಮನೆಯ ಧಾಟಿ ಅಜ್ಜಿಯೊಡನೆ ಹೋಯಿತು. ಅವರ ಧಾಟಿಯೇ ದಾಸರದೆಂದು ನಾನು ಹೇಳಲಾರೆ. ಒಂದು ಮನೆ ತಲೆಮಾರುಗಳ ಕಾಲ ಆ ಪದವನ್ನು ಅರಿತುಕೊಂಡ ಬಗೆ ಅದು ಎಂದಷ್ಟೇ ಹೇಳಬಲ್ಲೆ.

ಪದಗಳ ಮಾತು ಗ್ರಂಥಭಂಡಾರಗಳಲ್ಲಿ ಸುರಕ್ಷಿತವಾಗಿದೆ. ಧಾಟಿಗಳಿಗೆ ಆ ಭಾಗ್ಯವಿಲ್ಲ. ಅವು ಇನ್ನೂ ಹಿರಿಯರ ಕೊರಳಲ್ಲಿಯೇ ಇವೆ. ಧ್ವನಿಯನ್ನು ಹಿಡಿದಿಡುವ ಸಾಧನ ಈಗ ಬಹುಮಂದಿಯ ಕೈಯಲ್ಲಿದೆ. ಮನೆಯ ಹಿರಿಯರನ್ನು ಕೂರಿಸಿ, ‘ನೀವು ಚಿಕ್ಕಂದಿನಲ್ಲಿ ಕೇಳಿದ ಹಾಗೆಯೇ ಒಮ್ಮೆ ಹೇಳಿ’ ಎಂದು ಕೇಳುವಷ್ಟು ವ್ಯವಧಾನವೊಂದು ನಮಗಿದ್ದರೆ ಸಾಕು.